ನೀರುಗಂಟಿ ಹೋದ ಮೇಲೆ ನೀರಿನ ಲೆಕ್ಕ ಯಾರದ್ದು?



ಮೊನ್ನೆ ನಮ್ಮ ಗುರುಪುರದ ಕಡೆ ರಾತ್ರಿಯೆಲ್ಲಾ ಬೋರ್ ಲಾರಿ ಸದ್ದು. ಬೆಳಗ್ಗೆ ಹೋಗಿ ನೋಡಿದ್ರೆ ಬರೀ ಬಿಳಿ ಧೂಳು. ಶುಂಠಿ ನಾಟಿ ಆಗಿತ್ತು, ಹಳೇ ಬೋರು ಕೈಕೊಟ್ಟಿತ್ತು. ಅವನಾದ್ರೂ ಇನ್ನೇನು ಮಾಡ್ತಾನೆ? ನಾನು ಬೈಯೋಕೆ ಹೋಗಲಿಲ್ಲ. ನನ್ನ ಜಮೀನಿನಲ್ಲೇ ಮೂರು ತೂತು ಇವೆ, ನೀರಿರೋದು ಒಂದರಲ್ಲಿ. ಆದ್ರೆ ಅವತ್ತಿಂದ ಒಂದು ಹಳೇ ವಿಷಯ ತಲೆ ಕೊರೀತಾ ಇದೆ, ಬರೆದುಬಿಡ್ತೀನಿ.

ನಮ್ಮ ಅಜ್ಜನ ಕಾಲದಲ್ಲಿ ನೀರಿಗೊಬ್ಬ ಲೆಕ್ಕದವನಿದ್ದ, ನೀರುಗಂಟಿ. ಹಳೇ ಮೈಸೂರಿನ ಊರುಗಳ ಹನ್ನೆರಡು ಆಯಗಾರರಲ್ಲಿ ಅವನೂ ಒಬ್ಬ. ತೂಬು ಎತ್ತೋದು, ಇಳಿಸೋದು, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚೋದು ಅವನ ಕೆಲಸ. ಕೆರೆ ಅರ್ಧ ತುಂಬಿದ ವರ್ಷ ಭತ್ತ ಎಷ್ಟು ಹಾಕಬೇಕು ಅನ್ನೋ ಮಾತು ಅವನನ್ನ ಕೇಳದೆ ಮುಗೀತಿರಲಿಲ್ಲ. ಕೂಲಿ ಅಂದ್ರೆ ಸುಗ್ಗಿಯಲ್ಲಿ ಕಣದಿಂದ ಕೊಡೋ ಆಯ, ಜೊತೆಗೆ ಒಂದಿಷ್ಟು ಇನಾಮ್ತಿ ಜಮೀನು.

ಹಳೇ ಕಾಲ ಚಿನ್ನ ಅಂತ ನಾನು ಹೇಳ್ತಿಲ್ಲ. ಊರಿಗೆಲ್ಲಾ ನೀರು ಹಂಚೋ ಮನುಷ್ಯ ಎಷ್ಟೋ ಊರುಗಳಲ್ಲಿ ಊರ ಬಾವಿಯಿಂದ ಒಂದು ಕೊಡ ಸೇದೋ ಹಾಗಿರಲಿಲ್ಲ. ಅದನ್ನ ಮರೆತು ಹೊಗಳಿದ್ರೆ ತಪ್ಪಾಗುತ್ತೆ.

ಈ ಸೀಮೆಯಲ್ಲಿ ಕೆರೆ ಎಷ್ಟಿತ್ತು ಅಂದ್ರೆ, ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲೇ, ಇನ್ನೊಂದು ಹೊಸ ಕೆರೆಗೆ ಜಾಗ ಹುಡುಕೋದೇ ಕಷ್ಟ ಅನ್ನೋ ಅರ್ಥದಲ್ಲಿ ಬರೆದ. 1911ರಲ್ಲಿ ಕೆರೆ ಪಂಚಾಯ್ತಿಗಳಿಗೇ ಅಂತ ಸಂಸ್ಥಾನ ಒಂದು ಕಾನೂನು ಮಾಡಿತ್ತು. ಆಮೇಲೆ 1961ರಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನ ತೆಗೆಯೋ ಕಾಯ್ದೆ ಬಂತು, 1963ರಿಂದ ಜಾರಿಯಾಯ್ತು. ತೋಟಿ, ತಳವಾರರ ಹಾಗೆ ನೀರುಗಂಟಿ ಇನಾಮ್ತಿಯೂ ರದ್ದಾಗಿ, ಆ ಜಮೀನು ಅದೇ ಮನೆತನಗಳಿಗೆ ಸ್ವಂತಕ್ಕೆ ಮಂಜೂರಾಗೋ ದಾರಿ ಆಯ್ತು. ಅದು ನ್ಯಾಯವೇ. ಬಿಟ್ಟಿ ಚಾಕರಿಯಿಂದ ಅವರು ಬಿಡುಗಡೆ ಆದ್ರು. ಆದ್ರೆ ಅವರು ಮಾಡ್ತಿದ್ದ ಲೆಕ್ಕವನ್ನ ಇನ್ನು ಯಾರು ಮಾಡಬೇಕು ಅಂತ ನಾವ್ಯಾರೂ ಕೇಳಲಿಲ್ಲ.

ಆಗ ಕೇಳೋ ಅಗತ್ಯವೂ ಕಾಣಲಿಲ್ಲ. ಬಾವಿಯಿಂದ ಕಪಿಲೆಯಲ್ಲಿ ನೀರೆತ್ತೋ ಕಾಲದಲ್ಲಿ ಎತ್ತು ಸುಸ್ತಾದ್ರೆ ನೀರೂ ನಿಲ್ತಿತ್ತು. ಆಮೇಲೆ ಡೀಸೆಲ್ ಎಂಜಿನ್, ಕರೆಂಟ್ ಮೋಟಾರು ಬಂತು. 1960ರ ದಶಕದ ಕೊನೆಯ ಬರಗಾಲದಲ್ಲಿ ಯುನಿಸೆಫ್‌ನವರು ದೇಶಕ್ಕೆ ತರಿಸಿದ ಕಲ್ಲು ಕೊರೆಯೋ ರಿಗ್‌ಗಳು ಕುಡಿಯೋ ನೀರಿಗಾಗಿ ಬಂದವು. ಹಳ್ಳಿಗೊಂದು ಹ್ಯಾಂಡ್‌ಪಂಪ್ ಆಯ್ತು, ಅದು ದೊಡ್ಡ ಉಪಕಾರ. ಅಂಥದ್ದೇ ಯಂತ್ರ ನಿಧಾನಕ್ಕೆ ನಮ್ಮ ಹೊಲಕ್ಕೂ ಬಂತು. 10 ಎಚ್‌ಪಿವರೆಗೆ ಕರೆಂಟೂ ಬಿಟ್ಟಿಯಾಯ್ತು. ಹೊಗೆಸೊಪ್ಪಿನ ಸಸಿಮಡಿಗೆ, ಬಾಳೆಗೆ, ಈಗ ಶುಂಠಿಗೆ, ಅಡಿಕೆಗೆ ಎಲ್ಲಾ ಅದರಿಂದಲೇ.

ಈಗ ನನ್ನ ಕಥೆ. ನನ್ನ ಜಮೀನಿನ ಕೆಳಗಡೆ ಇರೋದು ನಮ್ಮೂರ ನೀರುಗಂಟಿ ಮನೆತನದವರ ಹೊಲ, ಅದೇ ಇನಾಮ್ತಿ ಜಮೀನು. ಅಲ್ಲೊಂದು ತೆರೆದ ಬಾವಿ ಇತ್ತು, ಕಲ್ಲು ಕಟ್ಟಿದ್ದು. 2003ರ ಬರದಲ್ಲಿ ನಾನು ಬೋರ್ ಹಾಕಿಸಿದೆ, ಎರಡಿಂಚು ನೀರು ಬಿತ್ತು. ಪೂಜೆ ಮಾಡಿ ಊರಿಗೆಲ್ಲಾ ಸಿಹಿ ಹಂಚಿದೆ. ಎರಡನೇ ಬೇಸಿಗೆಗೆ ಅವರ ಬಾವಿ ಒಣಗಿತು. ಆ ಮನೆ ಹಿರಿಯಣ್ಣ ಜಗಳಕ್ಕೆ ಬರಲಿಲ್ಲ. "ನಿನ್ನ ಮೋಟಾರ್ ಓಡಿದಾಗ ನಮ್ಮ ಬಾವಿ ಇಳೀತದೆ ಕಣಪ್ಪ" ಅಂದ್ರು, ಅಷ್ಟೇ. ನಾನು ಮಳೆ ಮೇಲೆ ಹಾಕಿದೆ. ಅದು ಸುಳ್ಳು ಅಂತ ನನಗೆ ಆಗಲೇ ಗೊತ್ತಿತ್ತು.

ಯಾಕೆ ಅಂತ ನೀವೇ ಲೆಕ್ಕ ಹಾಕಿ. ಒಂದು ಎಕರೆ ಮೇಲೆ ಒಂದಿಂಚು ಮಳೆ ಬಿದ್ರೆ ಸುಮಾರು ಒಂದು ಲಕ್ಷ ಲೀಟರ್. ವರ್ಷಕ್ಕೆ 30 ಇಂಚು ಅಂದ್ರೆ 30 ಲಕ್ಷ. ನಮ್ಮ ಕೆಳಗಿರೋದು ಗಟ್ಟಿ ಬಂಡೆ, ನೀರು ನಿಲ್ಲೋದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಮತ್ತು ಬಿರುಕಿನಲ್ಲಿ ಮಾತ್ರ. ಇಂಥ ನೆಲದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಇಂಗುತ್ತೆ ಅಂತ ಅಂದಾಜು. ಅಂದ್ರೆ ಎಕರೆಗೆ ಒಂದೂವರೆಯಿಂದ ಮೂರು ಲಕ್ಷ ಲೀಟರ್. ಎರಡಿಂಚಿನ ಬೋರು ಗಂಟೆಗೆ ಸುಮಾರು 2,900 ಲೀಟರ್ ಎತ್ತುತ್ತೆ. ಏಳು ಗಂಟೆ ಓಡಿಸಿದ್ರೆ ದಿನಕ್ಕೆ 20 ಸಾವಿರ. ನನ್ನ ಒಂದೆಕರೆ ವರ್ಷವಿಡೀ ಇಂಗಿಸಿದ್ದು ಎಂಟರಿಂದ ಹದಿನೈದು ದಿನದಲ್ಲಿ ಖಾಲಿ. ಮಿಕ್ಕ ದಿನ ನಾನು ಎತ್ತಿದ್ದು ಯಾರ ಹೊಲದ ನೀರು?

ಕಾನೂನು ಇಲ್ವಾ ಅಂದ್ರೆ ಇದೆ. ಸರ್ಕಾರಿ ಕುಡಿಯೋ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ, ಬೋರು ತೆಗೆಯೋ ಹಾಗಿಲ್ಲ ಅಂತ 1999ರ ಕಾಯ್ದೆ ಹೇಳುತ್ತೆ. 2011ರ ಅಂತರ್ಜಲ ಕಾಯ್ದೆಯೂ ಇದೆ. ಆದ್ರೆ ನನ್ನ ಬೋರಿಗೂ ಪಕ್ಕದವರ ಬಾವಿಗೂ ನಡುವಿನ ಲೆಕ್ಕವನ್ನ ಆಫೀಸಿನವರು ಬಂದು ದಿನಾ ಬರೆಯೋಕಾಗಲ್ಲ.

ಮಳೆಯೂ ಹಳೇ ಮಳೆ ಅಲ್ಲ. 2018, 2019ರ ಆಗಸ್ಟ್‌ನಲ್ಲಿ ಕೊಡಗಿನ ಮಳೆ ನೆನಪಿದೆಯಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ಕ್ಕೆ ಬರ ಘೋಷಣೆ. ನಾಲ್ಕು ದಿನದಲ್ಲಿ ಸುರಿದು ಓಡೋ ಮಳೆ ಇಂಗೋದಿಲ್ಲ. ಹೂಳು ತುಂಬಿದ ಕೆರೆಗೆ ಅದನ್ನ ಹಿಡಿಯೋ ಶಕ್ತಿಯೂ ಇಲ್ಲ.

ದಾರಿ ಇಲ್ಲ ಅಂತಲ್ಲ. ಆಂಧ್ರದ ಅನಂತಪುರ ಸೇರಿ ಏಳು ಬರದ ಜಿಲ್ಲೆಗಳಲ್ಲಿ 2003ರ ಸುಮಾರಿಗೆ ರೈತರೇ ಮಳೆ ಅಳೆದು, ಬೋರಿನ ನೀರಿನ ಮಟ್ಟ ಅಳೆದು, ಹಿಂಗಾರಿಗೆ ಮುಂಚೆ ಕೂತು ಇಷ್ಟು ನೀರಿದೆ, ಯಾವ ಬೆಳೆ ಹಾಕೋಣ ಅಂತ ಲೆಕ್ಕ ಶುರು ಮಾಡಿದ್ರು. ಇಂಥದ್ದೇ ಬೆಳೆ ಹಾಕು ಅಂತ ಬಲವಂತ ಇರಲಿಲ್ಲ. ಲೆಕ್ಕ ಎಲ್ಲರಿಗೂ ಕಾಣೋ ಹಾಗಿತ್ತು, ಅಷ್ಟೇ. ನೀರುಗಂಟಿ ಮಾಡ್ತಿದ್ದ ಕೆಲಸವೇ ಅದು, ಈ ಸಲ ಒಬ್ಬನ ತಲೆ ಮೇಲೆ ಹೊರಿಸದೆ ಎಲ್ಲರೂ ಸೇರಿ.

ಹೋದ ತಿಂಗಳು ಹಿರಿಯಣ್ಣನ ಮನೆಗೆ ಹೋಗಿ ತಪ್ಪಾಯ್ತು ಅಂದೆ. ಇಪ್ಪತ್ತು ವರ್ಷ ತಡವಾಗಿ. ನಿಮ್ಮ ಬಾವಿ ಕಲ್ಲಿನ ಮೇಲೆ ಅಡಿ ಅಡಿಗೆ ಬಣ್ಣದ ಗುರುತು ಹಾಕೋಣ, ಸುತ್ತಲಿನ ನಾಲ್ಕು ಜಮೀನಿನವರು ವಾರಕ್ಕೊಮ್ಮೆ ಬೆಳಗ್ಗೆ ಮೋಟಾರ್ ಹಾಕೋಕೆ ಮುಂಚೆ ನೋಡಿ ಬರೆದಿಡೋಣ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುರುತು ಹಾಕಪ್ಪ. ಇಳಿದಾಗ ಮೋಟಾರ್ ನಿಲ್ಲಿಸ್ತೀಯಾ?" ಅಂದ್ರು.

ಬಾಯಲ್ಲಿ ಹೂಂ ಅಂದ್ರೆ ಅವರು ನಂಬಬೇಕಾಗಿಲ್ಲ. ಈ ಸಲ ಒಂದೆಕರೆ ಶುಂಠಿ ಬಿಟ್ಟಿದ್ದೀನಿ, ಅಲ್ಲಿ ರಾಗಿ, ಅವರೆ. ಗುರುತು ಹಾಕಿ ಆಗಿದೆ. ಮುಂಗಾರು ಮುಗಿದ ಮೇಲೆ ಬಾವಿ ಎಷ್ಟನೇ ಗೆರೆಗೆ ಬಂತು ಅಂತ ಇಲ್ಲೇ ಬರೀತೀನಿ, ಏರಿದ್ರೂ ಸರಿ, ಏರದಿದ್ರೂ ಸರಿ.