ಉತ್ತರನ ಬಡಾಯಿ, ರತ್ನನ ತೊದಲು: ದನಿಯಲ್ಲಿ ಬದಲಾಗುವ ಹಾಸ್ಯ

ಕನ್ನಡದ ನಡುಗಾಲದ ಕಾವ್ಯಗಳು ಒಬ್ಬನು ವಾಚಿಸುವ, ಊರಿನ ಹಲವರು ಕೂತು ಆಲಿಸುವ ಸಂದರ್ಭವನ್ನು ನಂಬಿಕೊಂಡೇ ಬೆಳೆದವು. ಈ ವಾಚನಕಲೆಗೆ ಗಮಕವೆಂದೂ ವಾಚಿಸುವವನಿಗೆ ಗಮಕಿಯೆಂದೂ ಹೆಸರು. ಗಮಕಿಯು ರಾಗವನ್ನು ಬಳಸಿದರೂ ತಾಳದ ಕಟ್ಟಿಗೆ ಒಳಗಾಗುವುದಿಲ್ಲ. ಛಂದಸ್ಸಿನ ಗಣ ಎಲ್ಲಿ ಮುಗಿಯಿತೆಂದು ನೋಡದೆ, ಅರ್ಥ ಎಲ್ಲಿ ಮುಗಿಯಿತೋ ಅಲ್ಲಿ ಮಾತನ್ನು ಬಿಡಿಸುತ್ತಾನೆ. ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರನು ಪದ್ಯದ ಅರ್ಥವನ್ನು ಆಡುಮಾತಿನಲ್ಲಿ ವಿವರಿಸುತ್ತಾನೆ. ಭಕ್ತಿ, ವೀರಗಳ ಮಾತು ಬಂದಾಗ ಗಮಕದ ಹಿರಿಮೆಯನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ದನಿಯಿಂದ ಎಲ್ಲಕ್ಕಿಂತ ಹೆಚ್ಚು ಬದಲಾಗುವುದು ಹಾಸ್ಯವೇ, ಏಕೆಂದರೆ ಯಾರನ್ನು ಕಂಡು ನಗಬೇಕು, ಎಲ್ಲಿ ನಗಬೇಕು, ನಗಲೇಬೇಕೇ ಎಂಬುದನ್ನು ಅಚ್ಚಾದ ಪುಟವು ಓದುಗನಿಗೇ ಬಿಟ್ಟುಬಿಡುತ್ತದೆ.

ಇದಕ್ಕೆ ಒಳ್ಳೆಯ ನಿದರ್ಶನ ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ಯ ವಿರಾಟಪರ್ವ, ಮಳೆ ಬಾರದ ವರ್ಷ ಮಳೆಗಾಗಿ ಊರುಗಳಲ್ಲಿ ಓದಿಸುತ್ತಿದ್ದುದೂ ಇದೇ ಪರ್ವವನ್ನು. ಕೌರವರು ವಿರಾಟನ ಗೋವುಗಳನ್ನು ಹಿಡಿದಾಗ ರಾಜಕುಮಾರ ಉತ್ತರನು ಹೆಂಗಸರ ನಡುವೆ ಕೂತು, ತಕ್ಕ ಸಾರಥಿಯೊಬ್ಬನಿದ್ದರೆ ಶತ್ರುಗಳನ್ನೆಲ್ಲ ಸದೆಬಡಿಯುವೆನೆಂದು ಕೊಚ್ಚಿಕೊಳ್ಳುತ್ತಾನೆ. ಬೃಹನ್ನಳೆಯ ವೇಷದ ಅರ್ಜುನನು ಸಾರಥಿಯಾಗಿ ರಥವನ್ನು ರಣರಂಗಕ್ಕೆ ತಂದೊಡನೆ, ಉತ್ತರನು ಎದುರಿನ ಸೇನೆಯನ್ನು ಕಂಡು ರಥದಿಂದ ಧುಮುಕಿ ಓಡುತ್ತಾನೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ಕೇಳಿ ಬೆಳೆದವರಿಗೆ ಕಥೆ ಮೊದಲೇ ಗೊತ್ತು. ಆದ್ದರಿಂದ ನಗು ಕಥೆಯ ತಿರುವಿನಿಂದ ಬರುವಂತಿಲ್ಲ, ಗಮಕಿಯೇ ಅದನ್ನು ಹುಟ್ಟಿಸಬೇಕು. ನುರಿತ ಗಮಕಿಯು ಉತ್ತರನನ್ನು ಗೇಲಿಯ ದನಿಯಲ್ಲಿ ಓದುವುದಿಲ್ಲ. ನಾಟ, ಅಠಾಣದಂಥ ವೀರಕ್ಕೆ ಒಗ್ಗುವ ರಾಗವನ್ನು ಹಿಡಿದು, ನಿಜವಾದ ಪರಾಕ್ರಮಿಯ ಮಾತೆಂಬಂತೆಯೇ ಬಡಾಯಿಯನ್ನು ಏರುದನಿಯಲ್ಲಿ ನಡೆಸುತ್ತಾನೆ. ಈ ಕಾವ್ಯದ ಛಂದಸ್ಸಾದ ಭಾಮಿನಿ ಷಟ್ಪದಿಯೂ ಅವನಿಗೆ ನೆರವಾಗುತ್ತದೆ. ಒಂದು ಹ್ರಸ್ವಾಕ್ಷರವನ್ನು ಉಚ್ಚರಿಸುವ ಕಾಲವನ್ನು ಮಾತ್ರೆ ಎಂದರೆ, ಈ ಆರು ಸಾಲಿನ ಪದ್ಯದಲ್ಲಿ 1, 2, 4, 5ನೆಯ ಸಾಲುಗಳಿಗೆ 14 ಮಾತ್ರೆಗಳು, 3 ಮತ್ತು 6ನೆಯ ಸಾಲುಗಳಿಗೆ 23. ಗಿಡ್ಡ ಸಾಲುಗಳಲ್ಲಿ ಉಬ್ಬುತ್ತ ಬಂದ ಜಂಬವನ್ನು ಉದ್ದ ಸಾಲಿನ ಕೊನೆಯ ಗುರು, ಅಂದರೆ ಎರಡು ಮಾತ್ರೆಯ, ಅಕ್ಷರದ ಮೇಲೆ ಬೇಕಾದಷ್ಟು ಹೊತ್ತು ನಿಲ್ಲಿಸಬಹುದು. ಪುಟದಲ್ಲಿ ಬರಿಯ ಹೇಡಿಯಾಗಿ ಕಾಣುವ ಉತ್ತರನು ಸಭೆಯಲ್ಲಿ ತನ್ನ ಮಾತನ್ನು ತಾನೇ ನಂಬಿದ ಹುಡುಗನಾಗುತ್ತಾನೆ; ಕೇಳುಗರ ನಗುವಿನಲ್ಲಿ ಅಕ್ಕರೆಯೂ ಸೇರಿಕೊಳ್ಳುತ್ತದೆ. ಲಂಡನ್ನಿನ ಭಾರತೀಯ ವಿದ್ಯಾಭವನವನ್ನು ಬಹುಕಾಲ ನಡೆಸಿದ ಮತ್ತೂರು ಕೃಷ್ಣಮೂರ್ತಿಯವರಂಥ ವ್ಯಾಖ್ಯಾನಕಾರರು ಈ ಕಾವ್ಯವನ್ನು ಸಾಮಾನ್ಯರ ಹತ್ತಿರಕ್ಕೆ ತಂದರು. ಆದರೂ ಎಲ್ಲ ವ್ಯಾಖ್ಯಾನವೂ ಹಾಸ್ಯಕ್ಕೆ ಹಿತವಲ್ಲ, ನಗುವಿನ ಕಾರಣವನ್ನು ಬಿಡಿಸಿ ಹೇಳಹೊರಟರೆ ನಗು ಅಲ್ಲಿಯೇ ಆರುತ್ತದೆ.

ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಬೇರೆಯೇ ಬಗೆಯಲ್ಲಿ ಬದಲಾಗುತ್ತವೆ. ಪಾಳಿ ಭಾಷೆಯ ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದ ವಿದ್ವಾಂಸರೊಬ್ಬರು ರತ್ನನೆಂಬ ಹೆಂಡಕುಡುಕನ ಬಾಯಲ್ಲಿ ನುಡಿಸಿದ ಈ ಪದಗಳು ಹಳೆಯ ಮೈಸೂರು ಸೀಮೆಯ ಆಡುಮಾತಿನಲ್ಲಿವೆ. ಹಕಾರ ಬಿದ್ದುಹೋದ, ಮಹಾಪ್ರಾಣ ಸವೆದ ಆ ಮಾತನ್ನು ಕಿವಿಗೆ ಬಿದ್ದಂತೆಯೇ ಬರೆದಿರುವುದರಿಂದ, ಶಾಲೆಯ ಕನ್ನಡವನ್ನಷ್ಟೇ ಕಲಿತವರಿಗೆ, ಹೊರದೇಶದಲ್ಲಿ ಬೆಳೆದ ಮಕ್ಕಳಿಗಂತೂ, ಮೊದಲ ನೋಟಕ್ಕೆ ಕಾಗುಣಿತವೇ ನಗೆಯ ವಸ್ತುವಾಗುತ್ತದೆ. ಗಟ್ಟಿಯಾಗಿ ಓದಿದೊಡನೆ ಕಾಗುಣಿತ ಮರೆಯಾಗಿ, ಹೆಂಡತಿ ನಂಜಿಯ ಮೇಲೆ ಪ್ರಾಣವಿಟ್ಟುಕೊಂಡ, ಕನ್ನಡದ ವಿಷಯದಲ್ಲಿ ಹಟ ಬಿಡದ ಬಡವನೊಬ್ಬ ಎದುರಿಗೆ ನಿಲ್ಲುತ್ತಾನೆ, ನಗುತ್ತಿದ್ದವರು ಸುಮ್ಮನಾಗುವುದೂ ಉಂಟು. ಅಮಲಿನ ತೊದಲನ್ನು ಅತಿಯಾಗಿ ನಟಿಸುವ ವಾಚಕನು ಚಪ್ಪಾಳೆ ಗಿಟ್ಟಿಸಿ ರತ್ನನನ್ನು ಕಳೆದುಕೊಳ್ಳುತ್ತಾನೆ. ಮೈಸೂರು ಅನಂತಸ್ವಾಮಿಯವರು ರಾಗ ಹಾಕಿ ಹಾಡಿದ ಮೇಲೆ ಈ ಪದಗಳು ಓದದವರ ಮನೆಗೂ ಹೋದವು. ಅದು ದೊಡ್ಡ ಲಾಭವೇ ಸರಿ, ಆದರೆ ಹಾಡಿನ ಇಂಪು ರತ್ನನ ಅಳಲನ್ನು ಮುಂದಕ್ಕೆ ತಂದು ಅವನ ಕೊಂಕನ್ನು ಸ್ವಲ್ಪ ಹಿಂದಕ್ಕೆ ಸರಿಸಿತೆನ್ನಬೇಕು.

ದಿನಕರ ದೇಸಾಯಿಯವರ ಚುಟುಕಗಳಿಗೆ, ಅಂದರೆ ನಾಲ್ಕೇ ಸಾಲಿನ ಪ್ರಾಸಬದ್ಧ ಪದ್ಯಗಳಿಗೆ, ರಾಗವೂ ಬೇಡ, ನಟನೆಯೂ ಬೇಡ. ಮೂರು ಸಾಲುಗಳನ್ನು ವರದಿ ಒಪ್ಪಿಸುವಂತೆ ಹೇಳಿ, ಅರೆಗಳಿಗೆ ತಡೆದು, ಪ್ರಾಸದ ಕೊನೆಯ ಪದವನ್ನು ಕೇಳುಗನು ಊಹಿಸುವ ಹೊತ್ತಿಗೆ ಸರಿಯಾಗಿ ಬಿಟ್ಟರೆ ಸಾಕು. ವಿದೇಶದ ಕನ್ನಡ ಸಮಾರಂಭಗಳಲ್ಲಿ ಮಕ್ಕಳ ಅನುಕೂಲಕ್ಕೆಂದು ಇಡೀ ಪದ್ಯವನ್ನು ಪರದೆಯ ಮೇಲೆ ತೋರಿಸಿದರೆ ಈ ಲೆಕ್ಕ ತಪ್ಪುತ್ತದೆ, ಏಕೆಂದರೆ ವಾಚಕನು ಎರಡನೆಯ ಸಾಲಿನಲ್ಲಿರುವಾಗಲೇ ಕಣ್ಣು ನಾಲ್ಕನೆಯದನ್ನು ಓದಿ ಮುಗಿಸಿರುತ್ತದೆ. ಅಂಥಲ್ಲಿ ಮೂರು ಸಾಲನ್ನಷ್ಟೇ ಪರದೆಗೆ ಕೊಟ್ಟು, ನಾಲ್ಕನೆಯದನ್ನು ವಾಚಕನ ಬಾಯಿಗೇ ಬಿಡುವುದು ಲೇಸು.