ಬಕೆಟ್ ನೀರಿಗೊಂದು ವಿಳಾಸ

ಹಗ್ಗ ಕಟ್ಟಿದ ಕ್ಯಾನ್ವಾಸ್ ಬಕೆಟನ್ನು ಹಡಗಿನ ಅಂಚಿನಿಂದ ಇಳಿಬಿಟ್ಟು ಸಮುದ್ರದ ನೀರು ಸೇದುವುದು, ಅದರಲ್ಲಿ ಥರ್ಮಾಮೀಟರ್ ಅದ್ದಿ ಓದುವುದು, ಲಾಗ್ ಪುಸ್ತಕದಲ್ಲಿ ಬರೆದಿಡುವುದು. ತಲೆಮಾರುಗಳ ಕಾಲ ನಾವಿಕರು ಮಾಡಿದ ಕೆಲಸವಿದು. ಬಕೆಟ್ ಮೇಲೆ ಬರುವಷ್ಟರಲ್ಲಿ ಗಾಳಿಗೆ ನೀರು ಕೊಂಚ ತಣ್ಣಗಾಗಿರುತ್ತದೆ. ಎಂಜಿನ್ ತಂಪಾಗಿಸಲು ಒಳಗೆಳೆದುಕೊಂಡ ನೀರನ್ನು ಕೊಳವೆಯಲ್ಲೇ ಅಳೆದರೆ, ಎಂಜಿನ್ ಕೋಣೆಯ ಕಾವಿಗೆ ಅದು ಕೊಂಚ ಬೆಚ್ಚಗೆ ತೋರುತ್ತದೆ. ಹಾಗಾಗಿ ಅಂಕಿಯ ಜೊತೆಗೆ ಅದನ್ನು ಅಳೆದ ಬಗೆಯೂ ಗೊತ್ತಿರಬೇಕು.

ಅದನ್ನು ಬರೆಯುವುದೆಲ್ಲಿ?

1853ರ ಆಗಸ್ಟ್‌ನಲ್ಲಿ, ಅಮೆರಿಕ ನೌಕಾಪಡೆಯ ಮ್ಯಾಥ್ಯೂ ಮೌರಿಯ ಒತ್ತಾಸೆಯಿಂದ, ಬ್ರಸೆಲ್ಸ್‌ನಲ್ಲಿ ಕಡಲ ದೇಶಗಳ ಪ್ರತಿನಿಧಿಗಳು ಸೇರಿದರು. ಎಲ್ಲ ಹಡಗುಗಳಿಗೂ ಒಂದೇ ನಮೂನೆಯ ಲಾಗ್ ಹಾಳೆ ಸಿದ್ಧವಾಯಿತು. ಅದರಲ್ಲಿ ಬ್ಯಾರೋಮೀಟರ್ ಓದಿಗೆ ಒಂದು ಕಾಲಂ ಇದ್ದರೆ, ಬ್ಯಾರೋಮೀಟರ್‌ಗೇ ಅಂಟಿಕೊಂಡ ಥರ್ಮಾಮೀಟರ್‌ಗೆ ಪಕ್ಕದಲ್ಲೇ ಇನ್ನೊಂದು. ಬ್ಯಾರೋಮೀಟರ್‌ನೊಳಗಿನ ಪಾದರಸ ಕಾವಿಗೆ ಹಿಗ್ಗುತ್ತದೆ. ಅದರ ಉಷ್ಣಾಂಶ ತಿಳಿಯದೆ ಒತ್ತಡದ ಲೆಕ್ಕ ಸರಿಪಡಿಸಲಾಗದು. ಒಂದನ್ನೊಂದು ಬಿಟ್ಟಿರಲಾರದ ಎರಡು ಅಂಕಿಗಳನ್ನು ಒಂದೇ ಸಾಲಿನಲ್ಲಿ ಕೂರಿಸಿದ್ದು ನಿಜಕ್ಕೂ ಜಾಣತನ.

ಲಾಗ್‌ಗಳ ಅಂಕಿಗಳನ್ನು ತೂತು ಕೊರೆದ ಪಂಚ್ ಕಾರ್ಡ್‌ಗಳಿಗೆ ಇಳಿಸತೊಡಗಿದಾಗ ಜಾಗಕ್ಕೆ ಬರ ಬಂತು. ಒಂದು ಕಾರ್ಡಿಗೆ 80 ಕಾಲಂ ಮಾತ್ರ. ದಿನಾಂಕ, ಅಕ್ಷಾಂಶ, ರೇಖಾಂಶ, ಗಾಳಿ, ಉಷ್ಣಾಂಶಗಳನ್ನು ತುಂಬುವಷ್ಟರಲ್ಲಿ, ಹೇಗೆ ಅಳೆದದ್ದು ಎಂಬ ಮಾಹಿತಿ ಎಷ್ಟೋ ಕಡೆ ಹೊರಗುಳಿಯಿತು. ಒಂದೇ ಮೂಲದ ಕಾರ್ಡುಗಳ ಕಟ್ಟನ್ನು 'ಡೆಕ್' ಎಂದು ಕರೆದು ಅದಕ್ಕೊಂದು ಸಂಖ್ಯೆ ಕೊಟ್ಟರು. ಎಷ್ಟೋ ಅಂಕಿಗಳಿಗೆ ಉಳಿದ ವಿಳಾಸ ಅದೊಂದೇ.

1955ರಿಂದ ವಿಶ್ವ ಹವಾಮಾನ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. ಯಾವ ಹಡಗಿನಲ್ಲಿ ಯಾವ ಉಪಕರಣ, ನೀರನ್ನು ಅಳೆಯುವುದು ಹೇಗೆ ಎಂಬ ವಿವರಗಳೆಲ್ಲ ಅದರ 47ನೇ ಪ್ರಕಟಣೆಯೆಂಬ ಪ್ರತ್ಯೇಕ ಪಟ್ಟಿಯಲ್ಲಿ ಸೇರಿದವು. ಬ್ಯಾರೋಮೀಟರ್ ದಿನಕ್ಕೆ ನಾಲ್ಕು ಬಾರಿ ಬದಲಾಗುವುದಿಲ್ಲವಲ್ಲ, ಪ್ರತಿ ಸಾಲಿನಲ್ಲೂ ಯಾಕೆ ಬರೆಯಬೇಕು? ತರ್ಕ ಸರಿಯೇ. ಆದರೆ ಪಟ್ಟಿಗೂ ಅಂಕಿಗೂ ಇದ್ದ ಕೊಂಡಿ ಹಡಗಿನ ಕರೆಸಂಕೇತ ಮಾತ್ರ. ಅದು ಅಳಿಸಿಹೋದ ಸಾಲಿಗೆ ಪಟ್ಟಿ ಇದ್ದೂ ಇಲ್ಲದಂತೆ.

ಇದರ ಬೆಲೆ ತೆತ್ತದ್ದು ಹವಾಮಾನದ ಇತಿಹಾಸ. 1945ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನ ಸಮುದ್ರಗಳು ಥಟ್ಟನೆ ಸುಮಾರು 0.3 ಡಿಗ್ರಿ ತಣ್ಣಗಾದಂತೆ ದಾಖಲೆಗಳಲ್ಲಿ ಕಾಣುತ್ತಿತ್ತು. ಕಾರಣ ಸ್ಪಷ್ಟವಾದದ್ದು 2008ರಲ್ಲಿ, ನೇಚರ್ ಪತ್ರಿಕೆಯ ಪ್ರಬಂಧವೊಂದರಲ್ಲಿ. ಎರಡನೇ ಮಹಾಯುದ್ಧದ ಕಾಲದ ಅಂಕಿಗಳಲ್ಲಿ ಹೆಚ್ಚಿನವು ಎಂಜಿನ್ ಕೋಣೆಯಲ್ಲಿ ಅಳೆಯುತ್ತಿದ್ದ ಅಮೆರಿಕದ ಹಡಗುಗಳವು; ಯುದ್ಧ ಮುಗಿದ ಮೇಲೆ ಬಕೆಟ್ ಬಳಸುವ ಬ್ರಿಟಿಷ್ ಹಡಗುಗಳ ಪಾಲು ಒಮ್ಮೆಲೇ ಏರಿತ್ತು. ತಣ್ಣಗಾದದ್ದು ಬಕೆಟ್ ನೀರು.

2019ರಲ್ಲಿ ಸಂಶೋಧಕರನ್ನು ಡೆಕ್ ಸಂಖ್ಯೆಯೇ ಕೈಹಿಡಿಯಿತು. ಜಪಾನಿನ ಕೋಬೆ ಸಂಗ್ರಹದ ಡೆಕ್ 118ರ ಅಂಕಿಗಳನ್ನು ಅದೇ ಹೊತ್ತಿಗೆ ಹತ್ತಿರದಲ್ಲಿದ್ದ ಬೇರೆ ಹಡಗುಗಳ ಅಂಕಿಗಳೊಂದಿಗೆ ಹೋಲಿಸಿದಾಗ ಅವು ತಣ್ಣಗಿದ್ದವು. ಕಾರ್ಡಿಗೆ ಇಳಿಸುವಾಗ ದಶಮಾಂಶವನ್ನು ಕತ್ತರಿಸಿದ್ದರು; 15.9 ಬರೀ 15 ಆಗಿತ್ತು.

ಹಡಗುಗಳ ಅಂಕಿಗಳನ್ನೆಲ್ಲ ಒಟ್ಟುಗೂಡಿಸಿದ ಅಂತರರಾಷ್ಟ್ರೀಯ ಸಂಗ್ರಹ ಐಕೋಡ್ಸ್‌ನ ಒಂದೊಂದು ಸಾಲಿನಲ್ಲೂ ಇಂದು ಅಳತೆಯ ಬಗೆಗೊಂದು ಜಾಗವಿದೆ. ಹಳೆಯ ಸಾಲುಗಳಲ್ಲಿ ಎಷ್ಟೋ ಕಡೆ ಅದು ಖಾಲಿ. ಡೆಕ್ ಸಂಖ್ಯೆಯೂ ಉಳಿದಿದೆ. ಮೌರಿ ಕಾಲದ ಲಾಗ್‌ಗಳು 1990ರ ದಶಕದಲ್ಲಿ ಚೀನಾದಲ್ಲಿ ನೇರವಾಗಿ ಕಂಪ್ಯೂಟರ್‌ಗೆ ಸೇರಿದವು. ಅವುಗಳಿಗೂ ಒಂದು ಡೆಕ್ ಸಂಖ್ಯೆ ಕೊಟ್ಟಿದ್ದಾರೆ: 701.