ಜೀವಕೋಶದ ಮೇಲ್ಮೈ ಸಕ್ಕರೆಗಳು ಮತ್ತು ಮೂತ್ರಕೋಶದ ಕ್ಯಾನ್ಸರಿನ ಮುನ್ನಡೆ

ಪೀಠಿಕೆ

ಮೂತ್ರಕೋಶದ ಕ್ಯಾನ್ಸರ್ ಹೊಸದಾಗಿ ಪತ್ತೆಯಾದವರಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಗಡ್ಡೆ ಇನ್ನೂ ಸ್ನಾಯುಪದರವನ್ನು ಮುಟ್ಟಿರುವುದಿಲ್ಲ. ಅದನ್ನು ಮೂತ್ರದ್ವಾರದ ಮೂಲಕ ಉಪಕರಣ ಹಾಯಿಸಿ ತೆಗೆಯಬಹುದು. ಆದರೆ ಇಂಥ ಗಡ್ಡೆಗಳಲ್ಲಿ ಹಲವು ಮರುಕಳಿಸುತ್ತವೆ, ಕೆಲವು ಸ್ನಾಯುವಿಗೆ ಇಳಿಯುತ್ತವೆ. ಹಾಗೆ ಇಳಿದಾಗ ಇಡೀ ಮೂತ್ರಕೋಶವನ್ನೇ ತೆಗೆಯಬೇಕಾಗಿ ಬರುವುದುಂಟು. ಯಾವ ಗಡ್ಡೆ ಆಳಕ್ಕೆ ಇಳಿದೀತು ಎಂದು ಮೊದಲೇ ತಿಳಿಯಲು ಗಡ್ಡೆಯ ದರ್ಜೆ ಮತ್ತು ಹಂತಗಳಷ್ಟೇ ಸಾಲವು. ಜೀವಕೋಶದ ಮೇಲ್ಮೈಯಲ್ಲಿರುವ ಸಕ್ಕರೆ ಸರಪಳಿಗಳು, ಅಂದರೆ ಗ್ಲೈಕಾನ್‌ಗಳು, ಇಲ್ಲಿ ನೆರವಾಗಬಲ್ಲವು. ಆದರೆ ಕ್ಯಾನ್ಸರ್ ಇದೆಯೆಂದು ತೋರಿಸುವ ಸಕ್ಕರೆ ಬೇರೆ, ಅದು ಮುನ್ನಡೆಯಲಿದೆಯೆಂದು ತೋರಿಸುವ ಸಕ್ಕರೆ ಬೇರೆ. ಎರಡನ್ನೂ ಬೆರೆಸಬಾರದು ಎಂಬುದು ಈ ಲೇಖನದ ವಾದ.

ಮರೆಯಾಗುವ ರಕ್ತಗುಂಪು

ಎ, ಬಿ, ಎಚ್ ಪ್ರತಿಜನಕಗಳು ಕೆಂಪು ರಕ್ತಕಣಗಳ ಮೇಲಷ್ಟೇ ಅಲ್ಲ, ಮೂತ್ರಕೋಶದ ಒಳಪೊರೆಯಲ್ಲೂ ಇವೆ. ಸರಪಳಿಯ ತುದಿಗೆ ಫ್ಯೂಕೋಸ್ ಸೇರಿದರೆ ಎಚ್. ಅಲ್ಲಿಗೆ ಎನ್-ಅಸಿಟೈಲ್‌ಗ್ಯಾಲಕ್ಟೋಸಮೈನ್ ಕೂಡಿದರೆ ಎ, ಗ್ಯಾಲಕ್ಟೋಸ್ ಕೂಡಿದರೆ ಬಿ. ಗಡ್ಡೆಯ ತೆಳು ಛೇದಕ್ಕೆ ಕೆಂಪು ರಕ್ತಕಣಗಳು ಅಂಟುತ್ತವೆಯೇ ಎಂದು ನೋಡುವ ಪರೀಕ್ಷೆ 1970ರ ದಶಕದಲ್ಲಿ ಬಳಕೆಗೆ ಬಂತು. ಈ ಪ್ರತಿಜನಕಗಳನ್ನು ಕಳೆದುಕೊಂಡ ಗಡ್ಡೆಗಳೇ ಮುಂದೆ ಹೆಚ್ಚಾಗಿ ಸ್ನಾಯುವಿಗೆ ಇಳಿಯುತ್ತವೆಂದು ಅದರಿಂದ ಕಂಡುಬಂತು. ಕೊನೆಯ ಸಕ್ಕರೆಯನ್ನು ಜೋಡಿಸುವ ಕಿಣ್ವದ ಜೀನ್ 9ನೆಯ ವರ್ಣತಂತುವಿನ ಉದ್ದ ತೋಳಿನಲ್ಲಿದೆ. ಈ ಕ್ಯಾನ್ಸರಿನಲ್ಲಿ ಆ ವರ್ಣತಂತುವಿನ ಭಾಗಗಳು ನಷ್ಟವಾಗುವುದು ಸಾಮಾನ್ಯ. ಜೀನ್ ಉಳಿದಿದ್ದರೂ ಮಿಥೈಲೀಕರಣದಿಂದ ಅದು ಸ್ತಬ್ಧವಾಗಬಹುದು.

ಈ ಸೂಚಕಕ್ಕೆ ಮಿತಿಯೂ ಇದೆ. ಕೆಲವರ ಒಳಪೊರೆಯಲ್ಲಿ ಆನುವಂಶಿಕ ಕಾರಣದಿಂದಲೇ ಈ ಪ್ರತಿಜನಕಗಳು ಕ್ಷೀಣವಾಗಿರುತ್ತವೆ. ಆದ್ದರಿಂದ ಅದೇ ರೋಗಿಯ ಆರೋಗ್ಯವಂತ ಒಳಪೊರೆಯೊಂದಿಗೆ ಹೋಲಿಸದೆ ನಷ್ಟವೆಂದು ತೀರ್ಮಾನಿಸಲಾಗದು.

ಮೊಟಕಾದ ಸರಪಳಿಗಳು

ಟಿ ಪ್ರತಿಜನಕವೆಂಬ ಚಿಕ್ಕ ಸರಪಳಿಯು ಸಹಜ ಒಳಪೊರೆಯಲ್ಲಿ ಸಿಯಾಲಿಕ್ ಆಮ್ಲದ ಮರೆಯಲ್ಲಿರುತ್ತದೆ. ಕ್ಯಾನ್ಸರಿನಲ್ಲಿ ಈ ಮರೆ ಸರಿದು ಅದು ಹೊರಗೆ ಕಾಣಬಹುದು. ಇದನ್ನು ಗುರುತಿಸುವ ಸಾಧನ ನಮ್ಮ ಹೊಲ, ಹಿತ್ತಲುಗಳಲ್ಲೇ ಇದೆ: ಕಡಲೆಕಾಯಿಯ ಲೆಕ್ಟಿನ್ (ಸಕ್ಕರೆಗೆ ಅಂಟುವ ಪ್ರೋಟೀನು) ಮರೆಯಿಲ್ಲದ ಟಿ ಪ್ರತಿಜನಕಕ್ಕೆ ಅಂಟುತ್ತದೆ, ಹಲಸಿನ ಬೀಜದ ಜಾಕಲಿನ್ ಸಿಯಾಲಿಕ್ ಆಮ್ಲ ಹೊದ್ದ ಟಿ ರೂಪವನ್ನೂ ಹಿಡಿಯಬಲ್ಲದು. ಈ ಎರಡು ಪ್ರೋಟೀನುಗಳ ಸ್ಫಟಿಕ ರಚನೆಯನ್ನು 1994 ಮತ್ತು 1996ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್, ಎ. ಸುರೋಲಿಯಾ ಮತ್ತು ಸಂಗಡಿಗರು. ಲೆಕ್ಟಿನ್ ಯಾವುದಕ್ಕೆ ಅಂಟುತ್ತದೆ, ಯಾವುದನ್ನು ಬಿಡುತ್ತದೆ ಎಂಬುದಕ್ಕೆ ಕಾರಣ ಆ ರಚನೆಗಳಲ್ಲಿದೆ.

ಇನ್ನೂ ಚಿಕ್ಕದು ಸಿಯಾಲಿಲ್-ಟಿಎನ್. ಮೊದಲ ಸಕ್ಕರೆಗೇ ಸಿಯಾಲಿಕ್ ಆಮ್ಲ ಕೂಡಿಬಿಡುವುದರಿಂದ ಸರಪಳಿ ಅಲ್ಲಿಗೇ ನಿಲ್ಲುತ್ತದೆ. ಸಹಜ ಒಳಪೊರೆಯಲ್ಲಿ ಇಲ್ಲದ ಇದು ಉನ್ನತ ದರ್ಜೆಯ ಹಾಗೂ ಸ್ನಾಯುವಿಗೆ ಇಳಿದ ಗಡ್ಡೆಗಳಲ್ಲಿ ಹೆಚ್ಚಾಗಿರುವುದನ್ನು ಪೋರ್ಚುಗಲ್ಲಿನ ಸಂಶೋಧಕರು 2013ರಲ್ಲಿ ತೋರಿಸಿದರು. ಇದನ್ನು ಹೊತ್ತ ಜೀವಕೋಶಗಳ ಚಲನೆ ಮತ್ತು ಆಕ್ರಮಣಶಕ್ತಿ ಹೆಚ್ಚುವುದೂ ಕಂಡಿತು. ಜೊತೆಗೆ, ಇಂಥ ಗಡ್ಡೆಯುಳ್ಳವರು ಮೂತ್ರಕೋಶದೊಳಗೆ ನೀಡುವ ಬಿಸಿಜಿ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವ ಲಕ್ಷಣವೂ ಕಂಡುಬಂದಿದೆ. ಅಪಾಯ ಹೇಳುವ ಸಕ್ಕರೆಯೇ ಚಿಕಿತ್ಸೆಯ ದಾರಿಯನ್ನೂ ಸೂಚಿಸಬಹುದು.

ಇರುವಿಕೆಯ ಸೂಚಕಗಳು

ಲೂಯಿಸ್ ಎಕ್ಸ್ ಪ್ರತಿಜನಕದ ಸ್ವಭಾವ ಬೇರೆ. ಸಹಜ ಒಳಪೊರೆಯಲ್ಲಿ ವಿರಳವಾದ ಇದು ಗಡ್ಡೆಗಳಲ್ಲಿ ದರ್ಜೆ, ಹಂತಗಳ ಭೇದವಿಲ್ಲದೆ ಕಾಣುತ್ತದೆ. ಹಾಗಾಗಿ ಮೂತ್ರದಲ್ಲಿ ಉದುರಿದ ಕ್ಯಾನ್ಸರ್ ಜೀವಕೋಶಗಳ ಪತ್ತೆಗೆ ಇದು ಒದಗುತ್ತದೆ, ಭವಿಷ್ಯ ಹೇಳಲು ಒದಗದು. ಮೂತ್ರದಲ್ಲಿನ ಹಯಲುರಾನಿಕ್ ಆಮ್ಲವೆಂಬ ಸಕ್ಕರೆ ಸರಪಳಿಯ ವಿಷಯದಲ್ಲೂ ಇರುವಿಕೆ, ಮುನ್ನಡೆಗಳ ಇದೇ ಭೇದವಿದೆ: ಆಮ್ಲದ ಏರಿಕೆ ಎಲ್ಲ ದರ್ಜೆಗಳಲ್ಲೂ ಕಾಣುತ್ತದೆ, ಅದನ್ನು ತುಂಡರಿಸುವ ಹಯಲುರಾನಿಡೇಸ್ ಕಿಣ್ವ ಏರುವುದು ಮುಖ್ಯವಾಗಿ ಮೇಲಿನ ದರ್ಜೆಗಳಲ್ಲಿ.

ಸಮಾರೋಪ

ಸರಪಳಿಯ ತುದಿ ಕಳೆದುಹೋಗುವುದು ಮತ್ತು ಅದು ಬುಡದಲ್ಲೇ ಮೊಟಕಾಗುವುದು ಮುನ್ನಡೆಯ ಲಕ್ಷಣಗಳು. ಲೂಯಿಸ್ ಎಕ್ಸ್‌ನಲ್ಲಿರುವಂಥ ಹೊಸ ಫ್ಯೂಕೋಸ್ ಅಲಂಕಾರ ಮೂಡುವುದು ಇರುವಿಕೆಯ ಲಕ್ಷಣ. ಆದ್ದರಿಂದ ಎಬಿಎಚ್ ನಷ್ಟ, ಟಿ ಪ್ರತಿಜನಕದ ಸ್ಥಿತಿ ಮತ್ತು ಸಿಯಾಲಿಲ್-ಟಿಎನ್ ಮೂರನ್ನೂ ಒಟ್ಟಿಗೆ, ರೋಗಿಯ ರಕ್ತಗುಂಪನ್ನೂ ದಾಖಲಿಸಿ, ಮೊದಲ ಗಡ್ಡೆಯಲ್ಲೇ ಅಳೆದು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನಗಳು ಬೇಕು. ಮೂತ್ರಕೋಶವನ್ನು ಉಳಿಸಿಕೊಳ್ಳಬಹುದೇ, ತೆಗೆಯಬೇಕೇ ಎಂಬ ನಿರ್ಧಾರದ ಮುಂದೆ ನಿಂತ ರೋಗಿಗೆ ಬೇಕಿರುವುದು ಕ್ಯಾನ್ಸರ್ ಇದೆಯೆಂಬ ಇನ್ನೊಂದು ಪುರಾವೆಯಲ್ಲ, ಅದು ಎತ್ತ ಸಾಗುತ್ತಿದೆ ಎಂಬ ನಂಬಲರ್ಹ ಉತ್ತರ.